ಪೊಲೀಸರ ಸಾಫ್ಟ್‌ವೇರ್ ಆರಿಸುವವರು ಯಾರು?

2020ರ ಜನವರಿಯಲ್ಲಿ ಕ್ಲಿಯರ್‌ವ್ಯೂ ಎಐ ಎಂಬ ಕಂಪನಿ ಸುದ್ದಿಗೆ ಬಂತು. ಇಂಟರ್ನೆಟ್ಟಿನಿಂದ ಸುಮಾರು 300 ಕೋಟಿ ಫೋಟೊಗಳನ್ನು ಯಾರನ್ನೂ ಕೇಳದೆ ಬಾಚಿಕೊಂಡು, ಒಂದು ಮುಖ ಕೊಟ್ಟರೆ ಅದು ಎಲ್ಲೆಲ್ಲಿದೆ ಎಂದು ಹುಡುಕಿಕೊಡುವ ಆ್ಯಪ್ ಅದರದು. ಕೆನಡಾದ ಖಾಸಗಿತನ ಆಯುಕ್ತರ ಕಚೇರಿ ಅಲ್ಲಿನ ರಾಷ್ಟ್ರೀಯ ಪೊಲೀಸ್ ಪಡೆ ಆರ್‌ಸಿಎಂಪಿಯನ್ನು ಕೇಳಿತು: ನೀವು ಇದನ್ನು ಬಳಸುತ್ತಿದ್ದೀರಾ? ಇಲ್ಲ ಎಂಬ ಉತ್ತರ ಬಂತು. ಆಮೇಲೆ ನೋಡಿದರೆ ಬಳಸುತ್ತಿದ್ದರು. ಟೊರಾಂಟೊ ನಗರದಲ್ಲೂ ಇದೇ ಕತೆ. ಅಲ್ಲಿನ ಕೆಲವು ಅಧಿಕಾರಿಗಳು 2019ರ ಅಕ್ಟೋಬರ್‌ನಿಂದಲೇ ಆ್ಯಪ್ ಬಳಸುತ್ತಿದ್ದರು. ಮುಖ್ಯಸ್ಥರಿಗೆ ಗೊತ್ತಾಗಿ ನಿಲ್ಲಿಸಿ ಎಂದಿದ್ದು ಮುಂದಿನ ಫೆಬ್ರವರಿಯಲ್ಲಿ.

ಬೇಕೆಂದೇ ಸುಳ್ಳು ಹೇಳಿದರು ಅಂತ ತಕ್ಷಣ ತೀರ್ಮಾನಿಸಬೇಕಿಲ್ಲ. ಮೇಲಿನವರಿಗೆ ಗೊತ್ತೇ ಆಗದಂತೆ ಒಳಗೆ ಬರುವ ದಾರಿ ಅದಕ್ಕಿತ್ತು. ಕಂಪನಿ ಇಲಾಖೆಯ ಬಾಗಿಲು ತಟ್ಟುವ ಬದಲು ಒಬ್ಬೊಬ್ಬ ತನಿಖಾಧಿಕಾರಿಗೂ ನೇರವಾಗಿ ಉಚಿತ ಟ್ರಯಲ್ ಕೊಟ್ಟಿತು. ಟೆಂಡರ್ ಇಲ್ಲ, ಕಡತ ಇಲ್ಲ, ಕಾನೂನು ವಿಭಾಗದ ಅಭಿಪ್ರಾಯ ಇಲ್ಲ. ಅಮೆರಿಕದ 1,803 ಸರ್ಕಾರಿ ಸಂಸ್ಥೆಗಳ ನೌಕರರು 2020ರ ಫೆಬ್ರವರಿಗೆ ಮೊದಲೇ ಅದನ್ನು ಬಳಸಿದ್ದರು ಅಥವಾ ಬಳಸಿ ನೋಡಿದ್ದರು ಎಂದು ಬಜ್‌ಫೀಡ್ ನ್ಯೂಸ್ 2021ರಲ್ಲಿ ಬರೆಯಿತು. ಆ ಪೈಕಿ ಎಷ್ಟೋ ಕಡೆ ಮೇಲಧಿಕಾರಿಗಳಿಗೆ ಸುಳಿವೇ ಇರಲಿಲ್ಲ. ಸ್ವೀಡನ್ನಿನಲ್ಲಿ ಕೆಲವು ಪೊಲೀಸ್ ನೌಕರರು ಅನುಮತಿ ಪಡೆಯದೆ ಬಳಸಿದ್ದಕ್ಕೆ ಅಲ್ಲಿನ ಡೇಟಾ ರಕ್ಷಣಾ ಸಂಸ್ಥೆ ಪೊಲೀಸ್ ಇಲಾಖೆಗೇ 25 ಲಕ್ಷ ಕ್ರೋನಾ ದಂಡ ಹಾಕಿತು.

ಇದು ಅತಿರೇಕದ ಉದಾಹರಣೆ, ನಿಜ. ಆದರೆ ಪೊಲೀಸರ ಕೈಗೆ ಹೊಸ ತಂತ್ರಜ್ಞಾನ ಹೇಗೆ ಬರುತ್ತದೆ ಎಂದು ನೋಡುತ್ತಾ ಹೋದರೆ ಇದರ ನೆರಳು ಬೇರೆ ಕಡೆಯೂ ಕಾಣುತ್ತದೆ. ಕಾಗದದ ಮೇಲಿನ ಕ್ರಮ ಎಲ್ಲ ದೇಶದಲ್ಲೂ ಹೆಚ್ಚು ಕಡಿಮೆ ಒಂದೇ. ಏನು ಬೇಕು ಎಂದು ಪಟ್ಟಿ ಮಾಡಬೇಕು, ಟೆಂಡರ್ ಕರೆಯಬೇಕು, ಬಂದ ಪ್ರಸ್ತಾವಗಳಿಗೆ ಅಂಕ ಕೊಡಬೇಕು, ಗುತ್ತಿಗೆ ಬರೆಯಬೇಕು. ವಾಸ್ತವದಲ್ಲಿ ಆ ಸಮಿತಿ ಸಭೆ ಸೇರುವ ಹೊತ್ತಿಗೆ ಆಯ್ಕೆ ಬಹುಪಾಲು ಮುಗಿದಿರುತ್ತದೆ. ಯಾವುದೋ ಅನುದಾನ, ಪಕ್ಕದ ಊರಿನ ಉದಾಹರಣೆ, ಟಿವಿಯಲ್ಲಿ ಬಂದ ಒಂದು ಘಟನೆ, ಇಲ್ಲವೇ ಬಿಟ್ಟಿ ಸಿಕ್ಕ ಒಂದು ಟ್ರಯಲ್ ಅದನ್ನು ಮುಗಿಸಿರುತ್ತದೆ. ಆಮೇಲೆ ಇನ್ನೊಂದು ಆಯ್ಕೆ ಕೆಳಗಡೆ ನಡೆಯುತ್ತದೆ. ಕೊಟ್ಟಿದ್ದನ್ನು ಬಳಸಬೇಕೋ ಬೇಡವೋ ಎಂದು ಬೀದಿಯಲ್ಲಿ ನಿಂತ ಸಿಬ್ಬಂದಿ ಮಾಡುವ ಆಯ್ಕೆ ಅದು. ಟೆಂಡರ್ ಸಮಿತಿ ಈ ಎರಡರ ನಡುವೆ ಕೂತಿರುತ್ತದೆ.

ಹಣ ಬರುವ ದಾರಿ

‘ಬಿಟ್ಟಿ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ’ ಎಂಬ ಗಾದೆ ಇಲಾಖೆಗಳಿಗೂ ಅನ್ವಯಿಸುತ್ತದೆ. ಪೊಲೀಸ್ ಬಜೆಟ್ಟಿನ ಹೆಚ್ಚಿನ ಪಾಲು ಸಂಬಳಕ್ಕೇ ಹೋಗುತ್ತದೆ. ಹೊಸ ಸಾಧನ ಕೊಳ್ಳಲು ಉಳಿಯುವುದು ಚೂರು ಹಣ. ಹಾಗಾಗಿ ಹೊರಗಿನಿಂದ ಬರುವ ಅನುದಾನವೇ ದಿಕ್ಕು ತೋರಿಸುತ್ತದೆ. ಮೇಲಿನ ಸರ್ಕಾರ ಕ್ಯಾಮೆರಾಕ್ಕೆ ದುಡ್ಡು ಕೊಟ್ಟರೆ ಇಲಾಖೆಗೆ ಕ್ಯಾಮೆರಾ ‘ಅಗತ್ಯ’ ಆಗುತ್ತದೆ. ಸಮಸ್ಯೆ ಮೊದಲು, ಪರಿಹಾರ ಆಮೇಲೆ ಎಂಬ ಕ್ರಮ ತಿರುಗಿ ಹೋಗುತ್ತದೆ. ಪರಿಹಾರಕ್ಕೆ ಹಣ ಬಂದಿದೆ, ಅದಕ್ಕೆ ತಕ್ಕ ಸಮಸ್ಯೆಯನ್ನು ಅರ್ಜಿಯಲ್ಲಿ ಬರೆಯಬೇಕು, ಅಷ್ಟೆ.

ಅನುದಾನದಲ್ಲಾದರೂ ಸರ್ಕಾರದ ಲೆಕ್ಕ ಇರುತ್ತದೆ. ದಾನದ ಹಣ ಇನ್ನೂ ನುಣುಪು. ಲಾಸ್ ಏಂಜಲೀಸ್ ಪೊಲೀಸರು 2007ರ ಸುಮಾರಿಗೆ ಪ್ಯಾಲಂಟಿರ್ ಕಂಪನಿಯ ಡೇಟಾ ಜೋಡಿಸುವ ಸಾಫ್ಟ್‌ವೇರನ್ನು ತಮ್ಮ ಪರವಾಗಿ ದೇಣಿಗೆ ಎತ್ತುವ ಒಂದು ಪ್ರತಿಷ್ಠಾನದ ಮೂಲಕ ಪಡೆದರು. ಅದಕ್ಕೆ ಬೇಕಾದ 2 ಲಕ್ಷ ಡಾಲರ್ ಟಾರ್ಗೆಟ್ ಎಂಬ ಮಳಿಗೆ ಸರಣಿಯಿಂದ ಬಂತು. ಉಡುಗೊರೆಯಾಗಿ ಬಂದಿದ್ದಕ್ಕೆ ಟೆಂಡರ್ ಏಕೆ, ಸಾರ್ವಜನಿಕ ಚರ್ಚೆ ಏಕೆ ಅಲ್ವಾ? ಬಾಲ್ಟಿಮೋರ್ ನಗರದ ಮೇಲೆ 2016ರಲ್ಲಿ ಒಂದು ಸಣ್ಣ ವಿಮಾನ ಗಂಟೆಗಟ್ಟಲೆ ಸುತ್ತುತ್ತಾ ಊರಿಗೆ ಊರನ್ನೇ ಚಿತ್ರೀಕರಿಸುತ್ತಿತ್ತು. ಅದರ ಖರ್ಚು ಕೊಟ್ಟವರು ಬೇರೆ ರಾಜ್ಯದ ದಾನಿ ದಂಪತಿ. ಪತ್ರಿಕೆಯಲ್ಲಿ ಬರುವವರೆಗೂ ನಗರ ಪರಿಷತ್ತಿಗೆ ವಿಷಯ ಗೊತ್ತಿರಲಿಲ್ಲ. ಮುಂದೆ ಅದೇ ಯೋಜನೆ 2020ರಲ್ಲಿ ಬಹಿರಂಗವಾಗಿಯೇ ಮತ್ತೆ ಶುರುವಾಯಿತು. ಮರುವರ್ಷ ಮೇಲ್ಮನವಿ ನ್ಯಾಯಾಲಯ ಅದು ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಿತು.

ಇನ್ನು ನೋಡಿ ಕಲಿಯುವುದು. ನ್ಯೂಯಾರ್ಕ್ ಪೊಲೀಸರು 1994ರಲ್ಲಿ ಕಾಂಪ್‌ಸ್ಟಾಟ್ ಶುರು ಮಾಡಿದರು. ಅಪರಾಧದ ಅಂಕಿಅಂಶಗಳನ್ನು ನಕ್ಷೆಯ ಮೇಲೆ ಹಾಕಿ, ಪ್ರತಿ ವಲಯದ ಅಧಿಕಾರಿಯನ್ನು ನಿಲ್ಲಿಸಿ ಲೆಕ್ಕ ಕೇಳುವ ಸಭೆ ಅದು. ಐದೇ ವರ್ಷದಲ್ಲಿ ಅಮೆರಿಕದ ದೊಡ್ಡ ಪೊಲೀಸ್ ಇಲಾಖೆಗಳಲ್ಲಿ ಸುಮಾರು ಮೂರನೇ ಒಂದರಷ್ಟು ಅಂಥದ್ದೇ ಏನನ್ನೋ ಅಳವಡಿಸಿಕೊಂಡಿದ್ದವು. ನ್ಯೂಯಾರ್ಕಿನಲ್ಲಿ ಅಪರಾಧ ಇಳಿದದ್ದಕ್ಕೆ ಕಾಂಪ್‌ಸ್ಟಾಟ್ ಎಷ್ಟು ಕಾರಣ ಎಂಬ ವಾದ ಆಗ ಇನ್ನೂ ಮುಗಿದಿರಲಿಲ್ಲ. ಆ ವಾದಕ್ಕೆ ಕಾಯುವಷ್ಟು ವ್ಯವಧಾನ ಯಾರಿಗಿತ್ತು? ದೊಡ್ಡ ನಗರದ ಪೊಲೀಸರು ಮಾಡಿದ್ದನ್ನು ಮಾಡಿದರೆ ಎರಡು ಲಾಭ. ಯಶಸ್ಸು ಬಂದರೆ ಸರಿ. ಬರದಿದ್ದರೆ ‘ಎಲ್ಲರೂ ಮಾಡಿದ್ದನ್ನೇ ಮಾಡಿದೆವು’ ಎನ್ನಬಹುದು. ಈ ಎರಡನೆಯದೇ ಮುಖ್ಯ ಅಂತ ನನಗನಿಸುತ್ತದೆ. ಪೊಲೀಸ್ ಮುಖ್ಯಸ್ಥನ ಕುರ್ಚಿ ಅಲುಗಾಡುವ ಕುರ್ಚಿ. ಹೊಸದನ್ನು ಮೊದಲು ಮಾಡಿ ಎಡವಿದವನಿಗೆ ಮಾಫಿ ಇಲ್ಲ, ಹತ್ತು ಜನರ ಹಿಂದೆ ಹೋಗಿ ಎಡವಿದವನನ್ನು ಯಾರೂ ಕೇಳುವುದಿಲ್ಲ.

ಖರೀದಿ ನಿಯಮಗಳೂ ಇದಕ್ಕೆ ನೆರವಾಗುತ್ತವೆ. ಒಂದು ನಗರ ಟೆಂಡರ್ ಕರೆದು ಮಾಡಿಕೊಂಡ ಗುತ್ತಿಗೆಯ ಮೇಲೆ ಬೇರೆ ಊರುಗಳೂ ಸವಾರಿ ಮಾಡಿ ಅದೇ ದರಕ್ಕೆ ಕೊಳ್ಳಲು ಎಷ್ಟೋ ಕಡೆ ಅವಕಾಶವಿದೆ. ಸಮಯ ಉಳಿಯುತ್ತದೆ. ಆದರೆ ಆ ಮೊದಲ ನಗರದ ಅಗತ್ಯ ಪಟ್ಟಿಯೇ ಎಲ್ಲರ ಅಗತ್ಯ ಪಟ್ಟಿಯಾಗಿಬಿಡುತ್ತದೆ. ಐನೂರು ಸಿಬ್ಬಂದಿಯ ಇಲಾಖೆಗೆಂದು ಬರೆದದ್ದನ್ನು ಮೂವತ್ತು ಜನರ ಠಾಣೆ ಹಾಗೇ ತಂದುಕೊಳ್ಳುತ್ತದೆ.

ಕ್ಯಾಮೆರಾ ಬಿಟ್ಟಿ, ಸಂಗ್ರಹ ದುಬಾರಿ

ಪೊಲೀಸರು ಎದೆಗೆ ಕಟ್ಟಿಕೊಳ್ಳುವ ಕ್ಯಾಮೆರಾದ ಕತೆಯಲ್ಲಿ ಈ ಎಲ್ಲ ಎಳೆಗಳೂ ಒಟ್ಟಿಗೆ ಸಿಗುತ್ತವೆ.

ಕ್ಯಾಲಿಫೋರ್ನಿಯಾದ ರಿಯಾಲ್ಟೊ ಎಂಬ ಊರಿನಲ್ಲಿ 2012ರ ಫೆಬ್ರವರಿಯಿಂದ ಒಂದು ವರ್ಷ ಪ್ರಯೋಗ ನಡೆಯಿತು. ಗಸ್ತಿನ ಸಿಬ್ಬಂದಿ 54 ಜನ. ಕೆಲವು ಪಾಳಿಗೆ ಕ್ಯಾಮೆರಾ, ಕೆಲವು ಪಾಳಿಗೆ ಇಲ್ಲ. ಪೊಲೀಸರು ಬಲ ಬಳಸಿದ ಪ್ರಕರಣಗಳು ಅರ್ಧಕ್ಕಿಂತ ಕೆಳಗಿಳಿದವು. ನಾಗರಿಕರ ದೂರುಗಳಂತೂ ಹಿಂದಿನ ವರ್ಷಕ್ಕಿಂತ ಸುಮಾರು ಶೇ 90ರಷ್ಟು ಕಡಿಮೆಯಾದವು. ಸಣ್ಣ ಊರು, ಒಂದೇ ವರ್ಷ, ಜೊತೆಗೆ ಈ ಪ್ರಯೋಗದಲ್ಲಿ ತಾನೇ ಉತ್ಸಾಹದಿಂದ ತೊಡಗಿದ್ದ ಪೊಲೀಸ್ ಮುಖ್ಯಸ್ಥ. ಸಂಶೋಧಕರು ಇದನ್ನು ಆರಂಭ ಎಂದು ಓದಬೇಕು. ಆದರೆ 2014ರ ಆಗಸ್ಟ್‌ನಲ್ಲಿ ಅಮೆರಿಕದ ಫರ್ಗ್ಯುಸನ್ ಎಂಬ ಊರಿನಲ್ಲಿ ಪೊಲೀಸ್ ಗುಂಡಿಗೆ ಕಪ್ಪು ಯುವಕನೊಬ್ಬ ಬಲಿಯಾದ. ದೇಶವೇ ಬೀದಿಗಿಳಿಯಿತು. ಅದೇ ಡಿಸೆಂಬರ್‌ನಲ್ಲಿ ಒಬಾಮಾ ಸರ್ಕಾರ 50,000 ಕ್ಯಾಮೆರಾಗಳಿಗಾಗಿ ಮೂರು ವರ್ಷದಲ್ಲಿ 7.5 ಕೋಟಿ ಡಾಲರ್ ಕೊಡುವ ಪ್ರಸ್ತಾವ ಇಟ್ಟಿತು. ಜನರಿಗೆ ಪಾರದರ್ಶಕತೆ ಬೇಕಿತ್ತು. ಸರ್ಕಾರಕ್ಕೆ ಕೈಯಲ್ಲಿ ಹಿಡಿದು ತೋರಿಸಬಹುದಾದ ವಸ್ತು ಬೇಕಿತ್ತು. ಪೊಲೀಸರಿಗೆ ತಮ್ಮ ಮೇಲಿನ ಸುಳ್ಳು ದೂರಿಗೆ ಉತ್ತರ ಬೇಕಿತ್ತು. ಮೂವರ ಆಸೆಗೂ ಒಂದೇ ಸಾಧನ ಸಿಕ್ಕರೆ ಅದನ್ನು ತಡೆಯುವವರು ಯಾರು?

2017ರ ಏಪ್ರಿಲ್‌ನಲ್ಲಿ ಟೇಸರ್ ಎಂಬ ಕಂಪನಿ ತನ್ನ ಹೆಸರನ್ನು ಆಕ್ಸಾನ್ ಎಂದು ಬದಲಿಸಿಕೊಂಡಿತು. ಜೊತೆಗೆ ಅಮೆರಿಕದ ಪ್ರತಿ ಪೊಲೀಸ್ ಇಲಾಖೆಗೂ ಒಂದು ವರ್ಷ ಕ್ಯಾಮೆರಾ ಉಚಿತ ಎಂದು ಸಾರಿತು. ವಿಡಿಯೊ ಇಡುವ ಜಾಗ, ತರಬೇತಿ ಕೂಡ ಸೇರಿಸಿ. ಪ್ರಿಂಟರ್ ಅಗ್ಗಕ್ಕೆ ಕೊಟ್ಟು ಇಂಕಿನಲ್ಲಿ ದುಡಿಯುವ ವ್ಯಾಪಾರ ಇದು. ಒಂದು ವರ್ಷದ ವಿಡಿಯೊ ಎಲ್ಲ ಕಂಪನಿಯ ಸರ್ವರ್‌ನಲ್ಲಿ ಕೂತ ಮೇಲೆ, ಅದರಲ್ಲಿ ನೂರಾರು ಕೇಸುಗಳ ಸಾಕ್ಷ್ಯ ಇರುವಾಗ, ‘ಇನ್ನು ಬೇಡ’ ಎನ್ನುವುದು ಎಷ್ಟು ಸುಲಭ? ಸಾಕ್ಷ್ಯವನ್ನು ವರ್ಷಗಟ್ಟಲೆ ಕಾಪಾಡಬೇಕು ಎಂಬುದು ಕಾನೂನು. ಅದಕ್ಕೆ ತಿಂಗಳ ಬಾಡಿಗೆ ಕಟ್ಟಬೇಕು ಎಂಬುದು ಗುತ್ತಿಗೆ. ಈ ಬಾಡಿಗೆ ತಾಳಲಾರದೆ ಕ್ಯಾಮೆರಾ ಕೈಬಿಟ್ಟ ಸಣ್ಣ ಇಲಾಖೆಗಳೂ ಇವೆ. ಅನುದಾನ ಕ್ಯಾಮೆರಾ ಕೊಳ್ಳಲು ಬಂದಿತ್ತು, ವಿಡಿಯೊ ಇಟ್ಟುಕೊಳ್ಳಲು ಬಂದಿರಲಿಲ್ಲ.

ಅದೇ 2017ರಲ್ಲಿ ವಾಷಿಂಗ್ಟನ್ ನಗರದ ದೊಡ್ಡ ಅಧ್ಯಯನದ ಫಲಿತಾಂಶ ಹೊರಬಂತು. ಎರಡು ಸಾವಿರಕ್ಕೂ ಹೆಚ್ಚು ಪೊಲೀಸರು, ಚೀಟಿ ಎತ್ತಿದಂತೆ ಎರಡು ಗುಂಪು. ಬಲ ಬಳಕೆಯಲ್ಲಾಗಲಿ ದೂರುಗಳಲ್ಲಾಗಲಿ ಗಮನಕ್ಕೆ ಬರುವಂಥ ವ್ಯತ್ಯಾಸ ಸಿಗಲಿಲ್ಲ. ಕ್ಯಾಮೆರಾದಿಂದ ಪ್ರಯೋಜನವೇ ಇಲ್ಲ ಎಂದು ಇದರ ಅರ್ಥವಲ್ಲ. ನ್ಯಾಯಾಲಯದಲ್ಲಿ, ಇಲಾಖಾ ವಿಚಾರಣೆಯಲ್ಲಿ ಆ ವಿಡಿಯೊ ಬೆಲೆಬಾಳುತ್ತದೆ. ಆದರೆ ಯಾವ ಕಾರಣ ಹೇಳಿ ಅದನ್ನು ಕೊಂಡರೋ ಆ ಕಾರಣದ ಪರೀಕ್ಷೆ ಮುಗಿಯುವ ಮೊದಲೇ ಖರೀದಿ ಮುಗಿದಿತ್ತು.

ಬಿಡಿಸಿಕೊಳ್ಳಲಾಗದ ಗಂಟು

ಒಳಗೆ ಬರುವುದು ಸುಲಭ, ಹೊರಗೆ ಹೋಗುವುದು ಕಷ್ಟ ಎನ್ನುವುದಕ್ಕೆ ಬ್ರಿಟನ್ನಿನ ರೇಡಿಯೊ ಜಾಲಕ್ಕಿಂತ ಚೆನ್ನಾದ ಉದಾಹರಣೆ ಬೇಕಿಲ್ಲ. ಅಲ್ಲಿ ಪೊಲೀಸ್, ಅಗ್ನಿಶಾಮಕ ದಳ, ಆಂಬುಲೆನ್ಸ್ ಮೂರೂ ಏರ್‌ವೇವ್ ಎಂಬ ಖಾಸಗಿ ರೇಡಿಯೊ ಜಾಲವನ್ನು ಬಳಸುತ್ತವೆ. ಮಾತು ಸ್ಪಷ್ಟ, ಭರವಸೆಗೆ ಅರ್ಹ, ಆದರೆ ಹಳೆಯದು, ದುಬಾರಿ, ಡೇಟಾ ಸಾಗಿಸಲು ನಿಧಾನ. 2015ರಲ್ಲಿ ಸರ್ಕಾರ ಅದರ ಬದಲಿಗೆ 4ಜಿ ಮೊಬೈಲ್ ಜಾಲದ ಮೇಲೆ ನಡೆಯುವ ಹೊಸ ವ್ಯವಸ್ಥೆಗೆ ಗುತ್ತಿಗೆ ಕೊಟ್ಟಿತು. 2019ರ ಕೊನೆಗೆ ಹಳೆಯದನ್ನು ಮುಚ್ಚುವ ಲೆಕ್ಕಾಚಾರ. ಹೊಸದರ ಒಂದು ಮುಖ್ಯ ಭಾಗದ ಗುತ್ತಿಗೆ ಮೊಟೊರೊಲಾಗೆ ಸಿಕ್ಕಿತು. ಮರುವರ್ಷದ ಫೆಬ್ರವರಿಯಲ್ಲಿ ಅದೇ ಮೊಟೊರೊಲಾ ಏರ್‌ವೇವ್ ಕಂಪನಿಯನ್ನೇ ಕೊಂಡುಕೊಂಡಿತು.

ಒಮ್ಮೆ ಯೋಚಿಸಿ. ಹೊಸದನ್ನು ಕಟ್ಟಿಕೊಡಬೇಕಾದ ಕಂಪನಿಗೆ ಹಳೆಯದು ಓಡುತ್ತಿರುವಷ್ಟು ದಿನವೂ ಲಾಭ. ಹೊಸದು ತಡವಾದಷ್ಟೂ ಹಳೆಯದರ ಆಯಸ್ಸು ಜಾಸ್ತಿ. ಕಂಪನಿ ಬೇಕೆಂದೇ ತಡ ಮಾಡಿತು ಎಂದು ಹೇಳಬೇಕಿಲ್ಲ, ತಡವಾಗದಿರಲಿ ಎಂದು ಅದಕ್ಕೆ ಆತುರ ಹುಟ್ಟಿಸುವ ಯಾವ ಕಾರಣವೂ ಇರಲಿಲ್ಲ ಎಂದರೆ ಸಾಕು. ಆಗಿದ್ದು ಇಷ್ಟು: 2023ರ ಹೊತ್ತಿಗೆ ಸುಮಾರು 200 ಕೋಟಿ ಪೌಂಡ್ ಖರ್ಚಾಗಿತ್ತು, ಹೊಸ ಜಾಲ ಬಂದಿರಲಿಲ್ಲ. ಅದೇ ವರ್ಷ ಅಲ್ಲಿನ ಸ್ಪರ್ಧಾ ನಿಯಂತ್ರಣ ಸಂಸ್ಥೆ ಏರ್‌ವೇವ್ ಹಾಕುವ ಶುಲ್ಕಕ್ಕೆ ಮಿತಿ ಹೇರಿತು. ಅದರಿಂದ ವರ್ಷಕ್ಕೆ ಸುಮಾರು 20 ಕೋಟಿ ಪೌಂಡ್ ಉಳಿಯುತ್ತದೆ ಎಂದು ಲೆಕ್ಕ ಹಾಕಿತು. ಮೊಟೊರೊಲಾ ಹೊಸ ಯೋಜನೆಯಿಂದ ಹೊರಗೆ ಹೋಯಿತು. 2024ರ ಕೊನೆಗೆ ಆ ಕೆಲಸ ಬೇರೆ ಕಂಪನಿಗೆ ಸಿಕ್ಕಿತು. ಹಳೆ ರೇಡಿಯೊ ಇನ್ನೂ ಕೆಲಸ ಮಾಡುತ್ತಲೇ ಇದೆ.

ಒಂದು ಮಾತು ಮಾತ್ರ ಸೇರಿಸಬೇಕು. ಪೊಲೀಸ್ ರೇಡಿಯೊವನ್ನು ಒಂದು ರಾತ್ರಿ ಬಂದ್ ಮಾಡಿ ‘ನಾಳೆ ಹೊಸದು ನೋಡೋಣ’ ಎನ್ನಲಾಗದು. ಬೇರೆ ಕಚೇರಿಗಳಲ್ಲಿ ಸಾಫ್ಟ್‌ವೇರ್ ಎರಡು ದಿನ ಕೈಕೊಟ್ಟರೆ ಜನ ಬೈದು ಸುಮ್ಮನಾಗುತ್ತಾರೆ. ಇಲ್ಲಿ ಯಾರೋ ಸಾಯಬಹುದು. ಹಳೆಯದಕ್ಕೆ ಅಂಟಿಕೊಳ್ಳುವುದು ಎಲ್ಲ ಸಲವೂ ಸೋಮಾರಿತನವಲ್ಲ. ಅದು ಗೊತ್ತಿರುವುದರಿಂದಲೇ ಮಾರುವವರಿಗೆ ಬಲ.

ಟೈಪ್ ಮಾಡುವವರನ್ನು ಕೇಳಲಿಲ್ಲ

ದೊಡ್ಡ ಪೊಲೀಸ್ ಸಾಫ್ಟ್‌ವೇರ್‌ಗಳು ಬಿದ್ದ ಪಟ್ಟಿ ಉದ್ದವಿದೆ. ನ್ಯೂಜಿಲೆಂಡ್ 1999ರಲ್ಲಿ, ಡೆನ್ಮಾರ್ಕ್ 2012ರಲ್ಲಿ ತಮ್ಮ ರಾಷ್ಟ್ರೀಯ ಯೋಜನೆಗಳನ್ನು ಅರ್ಧಕ್ಕೇ ಕೈಬಿಟ್ಟವು. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಕೇಸಿನ ಕಡತಗಳನ್ನು ಕಂಪ್ಯೂಟರಿಗೆ ತರುವ ತನ್ನ ‘ವರ್ಚುವಲ್ ಕೇಸ್ ಫೈಲ್’ ಯೋಜನೆಯನ್ನು 2005ರಲ್ಲಿ ನಿಲ್ಲಿಸಿತು. ಸುಮಾರು 17 ಕೋಟಿ ಡಾಲರ್ ನೀರಿಗೆ ಹೋಯಿತು. ಎಲ್ಲವನ್ನೂ ಮೊದಲೇ ಬರೆದಿಟ್ಟು, ವರ್ಷಗಟ್ಟಲೆ ಕಟ್ಟಿ, ಒಂದೇ ದಿನ ಎಲ್ಲರ ಮೇಲೆ ಹೇರುವ ಯೋಜನೆ ಅದು. ಕಟ್ಟುವಷ್ಟರಲ್ಲಿ 2001ರ ಸೆಪ್ಟೆಂಬರ್ ದಾಳಿ ನಡೆದು ಸಂಸ್ಥೆಯ ಕೆಲಸವೇ ಬದಲಾಗಿತ್ತು. ಅದರ ಬದಲಿಗೆ ಬಂದ ‘ಸೆಂಟಿನೆಲ್’ ಕೂಡ ಮೊದಲು ಅದೇ ಹಾದಿ ಹಿಡಿದು ಬಜೆಟ್ ಮುಗಿಸತೊಡಗಿತು. 2010ರಲ್ಲಿ ಎಫ್‌ಬಿಐ ಕೆಲಸವನ್ನು ಕಂಪನಿಯಿಂದ ತನ್ನ ಕೈಗೆ ತೆಗೆದುಕೊಂಡಿತು. ಸಣ್ಣ ತಂಡ, ಎರಡು ವಾರಕ್ಕೊಮ್ಮೆ ಒಂದಿಷ್ಟು ಕೆಲಸ ಮುಗಿಸಿ ತೋರಿಸುವ ಪದ್ಧತಿ. 2012ರ ಜುಲೈನಲ್ಲಿ ಅದು ಬಳಕೆಗೆ ಬಂತು.

ಸ್ವೀಡನ್ನಿನ ಕತೆ ಇದಕ್ಕಿಂತ ಬೇಸರದ್ದು. ಅಲ್ಲಿನ ಪೊಲೀಸರಿಗೆ ಸ್ಥಳದಲ್ಲೇ ವರದಿ ಬರೆಯಲು ‘ಪುಸ್ಟ್’ ಎಂಬ ವ್ಯವಸ್ಥೆ ಇತ್ತು. ಸಣ್ಣ ಸಣ್ಣ ಹಂತಗಳಲ್ಲಿ, ಬಳಸುವ ಪೊಲೀಸರನ್ನು ಪಕ್ಕದಲ್ಲೇ ಕೂರಿಸಿಕೊಂಡು ಕಟ್ಟಿದ್ದು. ಪೊಲೀಸರಿಗೆ ಇಷ್ಟವಾಗಿತ್ತು. ಆದರೆ ಮೇಲಿನವರು ಇಡೀ ಇಲಾಖೆಗೆ ಒಂದೇ ಸಿದ್ಧ ಪ್ಯಾಕೇಜ್ ಇರಲಿ ಎಂದು ತೀರ್ಮಾನಿಸಿದ್ದರು. ಪುಸ್ಟ್‌ ಅನ್ನು ಸೀಬೆಲ್ ಎಂಬ ಪ್ಯಾಕೇಜಿನ ಮೇಲೆ ಮತ್ತೆ ಕಟ್ಟಿ 2013ರಲ್ಲಿ ಕೊಟ್ಟರು. ನಿಧಾನ, ಗೋಜಲು, ಒಂದು ವರದಿಗೆ ಗಂಟೆಗಳು. ಬೀದಿಯಲ್ಲಿರಬೇಕಾದವರು ಪರದೆಯ ಮುಂದೆ ಕೂತರು. 2014ರಲ್ಲಿ ಅದನ್ನು ಕೈಬಿಟ್ಟರು. ಚೆನ್ನಾಗಿ ನಡೆಯುತ್ತಿದ್ದುದನ್ನು ಬಿಟ್ಟು ಕೆಟ್ಟದ್ದನ್ನು ತರಲು ಕಾರಣ ದಡ್ಡತನವೇನೂ ಅಲ್ಲ. ಒಂದೇ ಪ್ಯಾಕೇಜ್ ಇದ್ದರೆ ನಿರ್ವಹಣೆ ಅಗ್ಗ ಎಂಬುದು ಕೇಳಲು ಸರಿಯಾದ ವಾದವೇ. ಆ ಲೆಕ್ಕದಲ್ಲಿ ಟೈಪ್ ಮಾಡುವವನ ನಿಮಿಷಗಳು ಸೇರಿರಲಿಲ್ಲ, ಅಷ್ಟೆ.

ಬ್ರಿಟನ್ನಿನ ಗ್ರೇಟರ್ ಮ್ಯಾಂಚೆಸ್ಟರ್ ಪೊಲೀಸರು 2019ರ ಜುಲೈನಲ್ಲಿ ಹೊಸ ಕಂಪ್ಯೂಟರ್ ವ್ಯವಸ್ಥೆಗೆ ಒಂದೇ ಸಲಕ್ಕೆ ಬದಲಾದಾಗಲೂ ಹೀಗೇ ಆಯಿತು. ಕೆಲಸಗಳು ರಾಶಿ ಬಿದ್ದವು, ಹಳೆ ದಾಖಲೆ ಹುಡುಕುವುದು ಕಷ್ಟವಾಯಿತು. ಕೊನೆಗೆ ಅದರ ಮುಖ್ಯ ಭಾಗವೊಂದನ್ನು ಬದಲಿಸಲು ಇಲಾಖೆಯೇ ತೀರ್ಮಾನಿಸಿತು.

ಸಿಬ್ಬಂದಿಗೆ ತಮ್ಮದೇ ಉತ್ತರವೂ ಇದೆ. ಅವರು ಪ್ರತಿಭಟನೆ ಮಾಡುವುದಿಲ್ಲ. ಸುಮ್ನೆ ಬಳಸುವುದಿಲ್ಲ. ನ್ಯೂಜೆರ್ಸಿಯ ಪ್ಲೇನ್‌ಫೀಲ್ಡ್ ಎಂಬ ಊರಿನ ಪೊಲೀಸರು ಎಲ್ಲಿ ಅಪರಾಧ ನಡೆಯಬಹುದು ಎಂದು ಮೊದಲೇ ಹೇಳುವ ಪ್ರೆಡ್‌ಪೋಲ್ ಸಾಫ್ಟ್‌ವೇರ್ ಕೊಂಡಿದ್ದರು. ಅದು 2018ರಲ್ಲಿ ಹೇಳಿದ 23 ಸಾವಿರಕ್ಕೂ ಹೆಚ್ಚು ಭವಿಷ್ಯಗಳನ್ನು ದಿ ಮಾರ್ಕಪ್ ಎಂಬ ಸುದ್ದಿಸಂಸ್ಥೆ ದಾಖಲಾದ ಅಪರಾಧಗಳ ಜೊತೆ ಹೊಂದಿಸಿ ನೋಡಿತು. ತಾಳೆಯಾದದ್ದು ನೂರಕ್ಕಿಂತ ಕಡಿಮೆ. ಅದಕ್ಕಿಂತ ಸ್ವಾರಸ್ಯ ಇಲಾಖೆಯ ಅಧಿಕಾರಿಯ ಉತ್ತರ. ನಾವು ಅದನ್ನು ಅಷ್ಟಾಗಿ ಬಳಸಲೇ ಇಲ್ಲ ಎಂಬ ಧಾಟಿಯಲ್ಲಿತ್ತು ಅದು. ಲಾಸ್ ಏಂಜಲೀಸ್ ಪೊಲೀಸರು ಅದೇ ಸಾಫ್ಟ್‌ವೇರನ್ನು 2011ರಿಂದ ಬಳಸಿ 2020ರಲ್ಲಿ ನಿಲ್ಲಿಸಿದರು. ಅದರಿಂದ ಪ್ರಯೋಜನ ಆಗಿದೆಯೇ ಎಂದು ಹೇಳಲು ಬೇಕಾದ ಲೆಕ್ಕವೇ ಸರಿಯಾಗಿ ಇಟ್ಟಿಲ್ಲ ಎಂದು ಅಲ್ಲಿ ಪೊಲೀಸರ ಕೆಲಸದ ಮೇಲೆ ಕಣ್ಣಿಡುವ ಇನ್‌ಸ್ಪೆಕ್ಟರ್ ಜನರಲ್ 2019ರಲ್ಲಿ ಹೇಳಿದ್ದರು.

ಬಳಸದಿರುವುದಕ್ಕಿಂತ ಬೇರೆ ರೀತಿಯಲ್ಲಿ ಬಳಸುವುದು ಹೆಚ್ಚು ಚಿಂತೆಯ ವಿಷಯ. ಶಿಕಾಗೊ ನಗರ ಗುಂಡಿನ ಸದ್ದು ಹಿಡಿದು ಪೊಲೀಸರಿಗೆ ತಿಳಿಸುವ ಶಾಟ್‌ಸ್ಪಾಟರ್ ವ್ಯವಸ್ಥೆಗೆ 2018ರಲ್ಲಿ ಮೂರು ವರ್ಷಕ್ಕೆ 3.3 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. 2020ರ ಜನವರಿಯಿಂದ 17 ತಿಂಗಳಲ್ಲಿ 50 ಸಾವಿರಕ್ಕೂ ಹೆಚ್ಚು ಎಚ್ಚರಿಕೆಗಳು ಬಂದವು. ಬಂದೂಕಿನ ಅಪರಾಧದ ಸಾಕ್ಷ್ಯ ಸಿಕ್ಕಿದ್ದು ಶೇ 9.1ರಲ್ಲಿ ಎಂದು ನಗರದ ಇನ್‌ಸ್ಪೆಕ್ಟರ್ ಜನರಲ್ ವರದಿ ಹೇಳಿತು. ಸಾಕ್ಷ್ಯ ಸಿಗಲಿಲ್ಲ ಎಂದ ಮಾತ್ರಕ್ಕೆ ಗುಂಡು ಹಾರಲೇ ಇಲ್ಲ ಎನ್ನಲಾಗದು. ತನ್ನ ನಿಖರತೆ ಶೇ 97 ಎನ್ನುವ ಕಂಪನಿ ಕೂಡ ಅದನ್ನೇ ವಾದಿಸಿತು, ಅದು ನ್ಯಾಯವಾದ ಮಾತೇ. ವರದಿಯ ಇನ್ನೊಂದು ಸಾಲು ಹೆಚ್ಚು ಗಂಭೀರ. ಎಚ್ಚರಿಕೆ ಜಾಸ್ತಿ ಬರುವ ಬಡಾವಣೆ ಇದು ಎಂಬುದನ್ನೇ ಕಾರಣ ಮಾಡಿಕೊಂಡು ಕೆಲವು ಪೊಲೀಸರು ಅಲ್ಲಿ ಓಡಾಡುವವರನ್ನು ತಡೆದು ತಪಾಸಣೆ ಮಾಡಿದ್ದರು. ಸದ್ದು ಕೇಳಲು ತಂದ ಯಂತ್ರ ಜನರನ್ನು ಅನುಮಾನಿಸುವ ಆಧಾರವಾಯಿತು. ಗುತ್ತಿಗೆಯ ಯಾವ ಪುಟದಲ್ಲೂ ಇದು ಬರೆದಿರುವುದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಶಿಕಾಗೊ ಅದನ್ನು ನಿಲ್ಲಿಸಿತು.

ಮಾಡಿ ತೋರಿಸಿದವರು

ಎಲ್ಲವೂ ಹೀಗೇ ಎಂದು ತೀರ್ಮಾನಿಸುವ ಮೊದಲು 1980ರ ದಶಕದ ಸ್ಯಾನ್‌ಫ್ರಾನ್ಸಿಸ್ಕೊ ನೋಡಬೇಕು. ಆಗ ಬೆರಳಚ್ಚು ಹುಡುಕುವುದು ಕೈಯಿಂದ. ಕಳ್ಳತನವಾದ ಮನೆಯ ಕಿಟಕಿಯಲ್ಲಿ ಸಿಕ್ಕ ಅರೆಬರೆ ಗುರುತನ್ನು ಲಕ್ಷಾಂತರ ಕಾರ್ಡುಗಳ ಜೊತೆ ಹೋಲಿಸುವುದು ಆಗದ ಮಾತು. ಯಾರ ಮೇಲಾದರೂ ಮೊದಲೇ ಅನುಮಾನ ಇದ್ದರೆ ಮಾತ್ರ ಆ ಗುರುತಿಗೆ ಬೆಲೆ. ಕಂಪ್ಯೂಟರ್ ವ್ಯವಸ್ಥೆ ಕೊಳ್ಳುವ ಪ್ರಸ್ತಾವವನ್ನು 1982ರ ಜೂನ್‌ನಲ್ಲಿ ನಗರದ ಮತದಾರರ ಮುಂದೆಯೇ ಇಟ್ಟರು. ಭಾರಿ ಬಹುಮತದಿಂದ ಅದು ಗೆದ್ದಿತು.

ಆಮೇಲೆ ಮಾಡಿದ್ದು ಇನ್ನೂ ಜಾಣತನದ ಕೆಲಸ. ಮಾರುವವರ ಪ್ರದರ್ಶನ ನೋಡಿ ತಲೆದೂಗಲಿಲ್ಲ. ನಿಜವಾದ ಅಪರಾಧ ಸ್ಥಳದ ಬೆರಳಚ್ಚುಗಳನ್ನೇ ಎದುರಿಗಿಟ್ಟು ಹುಡುಕಿ ತೋರಿಸಿ ಎಂದು ಕಂಪನಿಗಳ ನಡುವೆ ಪರೀಕ್ಷೆ ಇಟ್ಟರು. ಮಾಸಿದ, ಮುರಿದ ಗುರುತುಗಳು, ಕೆಲಸದಲ್ಲಿ ದಿನವೂ ಸಿಗುವಂಥವು. ಜಪಾನಿನ ಎನ್‌ಇಸಿ ಗೆದ್ದಿತು. ಯಂತ್ರ ಬಂದ ಮೇಲೆ ಅದನ್ನು ಹಳೆ ಕಚೇರಿಯ ಮೂಲೆಯಲ್ಲಿ ಇಡಲಿಲ್ಲ. ಸ್ಥಳದಿಂದ ಗುರುತು ತರುವವರನ್ನೂ ಅದನ್ನು ಹುಡುಕುವವರನ್ನೂ ಸೇರಿಸಿ ಹೊಸ ಘಟಕವನ್ನೇ ಕಟ್ಟಿದರು. ತಾನು ತಂದ ಗುರುತು ಯಾರದು ಎಂದು ತಂದವನೇ ನೋಡಬಹುದಿತ್ತು. ಮೊದಲ ವರ್ಷವೇ ಗುರುತು ಪತ್ತೆ ಹತ್ತು ಪಟ್ಟಿನಷ್ಟು ಏರಿತು. ಇದು ಮುಂದೆ ಬೇರೆ ಇಲಾಖೆಗಳಿಗೆ ಮಾದರಿಯಾಯಿತು. ವಿಚಿತ್ರ ಎಂದರೆ ಎಷ್ಟೋ ಇಲಾಖೆಗಳು ಯಂತ್ರವನ್ನು ನಕಲು ಮಾಡಿದವು, ಪರೀಕ್ಷೆಯನ್ನೂ ಘಟಕವನ್ನೂ ನಕಲು ಮಾಡಲಿಲ್ಲ.

ಬೆರಳಚ್ಚಿಗೆ ಒಂದು ಅನುಕೂಲ ಇತ್ತು ಎಂದು ಒಪ್ಪಬೇಕು. ಉತ್ತರ ಸರಿಯೋ ತಪ್ಪೋ ಎಂದು ತಜ್ಞ ನೋಡಿ ಹೇಳಬಹುದು. ‘ಇಲ್ಲಿ ನಾಳೆ ಅಪರಾಧ ನಡೆಯಬಹುದು’ ಎಂಬ ಮಾತನ್ನು ಹಾಗೆ ಪರೀಕ್ಷಿಸಲಾಗದು. ಪೊಲೀಸರು ಅಲ್ಲಿ ಹೋಗಿ ನಿಂತದ್ದರಿಂದ ನಡೆಯಲಿಲ್ಲವೋ, ಮೊದಲೇ ನಡೆಯುತ್ತಿರಲಿಲ್ಲವೋ? ಪರೀಕ್ಷಿಸಲು ಕಷ್ಟವಾದ ಸರಕೇ ಮಾರಲು ಸುಲಭ.

ಪರೀಕ್ಷೆ ಮಾಡದೆ ಕೊಂಡವರಿಗೆ ನ್ಯಾಯಾಲಯಗಳು ಈಗ ಪ್ರಶ್ನೆ ಕೇಳತೊಡಗಿವೆ. ಬ್ರಿಟನ್ನಿನ ಸೌತ್ ವೇಲ್ಸ್ ಪೊಲೀಸರು 2017ರಿಂದ ಬೀದಿಯಲ್ಲಿ ಮುಖ ಗುರುತಿಸುವ ಕ್ಯಾಮೆರಾ ಬಳಸುತ್ತಿದ್ದರು. 2020ರ ಆಗಸ್ಟ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅದು ಕಾನೂನಿಗೆ ತಕ್ಕಂತೆ ಇಲ್ಲ ಎಂದಿತು. ಹೇಳಿದ ಕಾರಣಗಳಲ್ಲಿ ಒಂದು ಖರೀದಿದಾರರೆಲ್ಲ ಓದಬೇಕಾದದ್ದು. ಸಾಫ್ಟ್‌ವೇರ್ ಹೆಂಗಸರ ಅಥವಾ ಕಪ್ಪು ಜನರ ಮುಖಗಳನ್ನು ತಪ್ಪಾಗಿ ಹಿಡಿಯುತ್ತದೆಯೇ ಎಂದು ಪೊಲೀಸರು ತಾವಾಗಿ ನೋಡಿಯೇ ಇರಲಿಲ್ಲ. ತಯಾರಕರು ವ್ಯಾಪಾರದ ಗುಟ್ಟು ಎಂದು ವಿವರ ಕೊಟ್ಟಿರಲಿಲ್ಲ. ಗುಟ್ಟು ಅವರದ್ದಿರಬಹುದು, ಹೊಣೆ ಮಾತ್ರ ನಿಮ್ಮದು ಎಂಬುದು ತೀರ್ಪಿನ ಸಾರ. ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ 2023ರ ಫೆಬ್ರವರಿಯಲ್ಲಿ ಎರಡು ರಾಜ್ಯಗಳ ಪೊಲೀಸ್ ಕಾನೂನುಗಳನ್ನು ಪರಿಶೀಲಿಸಿತು. ಡೇಟಾ ರಾಶಿಯನ್ನು ಯಂತ್ರದಿಂದ ಜಾಲಾಡಲು ಅವು ಕೊಟ್ಟ ಅಧಿಕಾರ ಮಿತಿ ಮೀರಿದ್ದು ಎಂದಿತು.

ಅಮೆರಿಕದ ಕೆಲವು ಊರುಗಳು ಪ್ರಶ್ನೆಯನ್ನು ಖರೀದಿಗೆ ಮೊದಲಿಗೇ ತಂದಿವೆ. ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿ 2016ರಲ್ಲಿ ಒಂದು ನಿಯಮ ತಂದಿತು. ಕಣ್ಗಾವಲಿನ ಯಾವ ಸಾಧನವೇ ಆಗಲಿ, ಕೊಳ್ಳುವುದಕ್ಕೆ ಮೊದಲು ಬಳಕೆಯ ನೀತಿಯನ್ನು ಬಹಿರಂಗವಾಗಿ ಇಟ್ಟು ಒಪ್ಪಿಗೆ ಪಡೆಯಬೇಕು. ಆಮೇಲೆ ವರ್ಷಕ್ಕೊಮ್ಮೆ ಅದರಿಂದ ಆದದ್ದೇನು ಎಂದು ವರದಿ ಕೊಡಬೇಕು. ಇಂಥ ನಿಯಮ ಬೇರೆ ಹಲವು ಊರುಗಳಿಗೂ ಹರಡಿತು. ಇದರಿಂದ ಕೆಲಸ ನಿಧಾನವಾಗುತ್ತದೆ ಎಂದು ಪೊಲೀಸರು ಗೊಣಗುತ್ತಾರೆ. ನಿಧಾನವಾಗುವುದು ನಿಜ. ಬ್ರಿಟನ್ನಿನ ಹೊಸ ರೇಡಿಯೊ ಜಾಲಕ್ಕಾಗಿ ಹತ್ತಕ್ಕೂ ಹೆಚ್ಚು ವರ್ಷ ಕಾದದ್ದಕ್ಕೆ ಹೋಲಿಸಿದರೆ ಆರು ತಿಂಗಳು ದೊಡ್ಡ ಮಾತೇನಲ್ಲ.

ಈ ಸಲದ ಸರಕು

ಈಗ ಸಾಲಿನಲ್ಲಿ ನಿಂತಿರುವುದು ವರದಿ ಬರೆದುಕೊಡುವ ಎಐ. ಆಕ್ಸಾನ್ 2024ರ ಏಪ್ರಿಲ್‌ನಲ್ಲಿ ‘ಡ್ರಾಫ್ಟ್ ಒನ್’ ಬಿಡುಗಡೆ ಮಾಡಿತು. ಎದೆಯ ಕ್ಯಾಮೆರಾದಲ್ಲಿ ದಾಖಲಾದ ಮಾತನ್ನು ಕೇಳಿಸಿಕೊಂಡು ಅದು ಪೊಲೀಸ್ ವರದಿಯ ಕರಡು ಬರೆಯುತ್ತದೆ. ಕ್ಯಾಮೆರಾ ಆ ಕಂಪನಿಯದೇ, ವಿಡಿಯೊ ಇರುವುದೂ ಅಲ್ಲೇ. ಹೊಸದಾಗಿ ಆರಿಸಲು ಏನು ಉಳಿದಿದೆ? ಒಂದು ಗುಂಡಿ ಒತ್ತಿದರೆ ಸಾಕು. 2017ರಲ್ಲಿ ಬಿಟ್ಟಿ ಸಿಕ್ಕ ಕ್ಯಾಮೆರಾ ಇವತ್ತಿನ ಆಯ್ಕೆಯನ್ನು ಆಗಲೇ ಮಾಡಿಟ್ಟಿತ್ತು.

ಸಮಯ ಉಳಿಯುತ್ತದೆ ಎಂಬುದು ಮಾರಾಟದ ಮುಖ್ಯ ಮಾತು. ಪೊಲೀಸರಿಗೆ ವರದಿ ಬರೆಯುವುದಕ್ಕಿಂತ ಬೇಜಾರಿನ ಕೆಲಸ ಇನ್ನೊಂದಿಲ್ಲ, ಹಾಗಾಗಿ ಮಾತು ನೇರ ಮನಸ್ಸಿಗೆ ಇಳಿಯುತ್ತದೆ. ಆದರೆ ನ್ಯೂಹ್ಯಾಂಪ್‌ಶೈರ್‌ನ ಒಂದು ಇಲಾಖೆಯಲ್ಲಿ ಸಂಶೋಧಕರು ಅಳೆದು ನೋಡಿದಾಗ ಎಐ ಬಳಸಿದವರು ವರದಿ ಬೇಗ ಮುಗಿಸಿದ್ದು ಕಾಣಲಿಲ್ಲ. ಆ ಫಲಿತಾಂಶ 2024ರಲ್ಲೇ ಪ್ರಕಟವಾಯಿತು. ಬರೆಯುವ ಸಮಯ ತಿದ್ದುವುದಕ್ಕೆ ಹೋಗಿರಬಹುದು. ಸಿಯಾಟಲ್ ನಗರ ಇರುವ ಕಿಂಗ್ ಕೌಂಟಿಯ ಸರ್ಕಾರಿ ವಕೀಲರ ಕಚೇರಿ ಅದೇ ವರ್ಷ ಪೊಲೀಸರಿಗೆ ಪತ್ರ ಬರೆದು ಎಐ ಬರೆದ ವರದಿಗಳನ್ನು ಸದ್ಯಕ್ಕೆ ಸ್ವೀಕರಿಸುವುದಿಲ್ಲ ಎಂದಿತು. ವರದಿ ಕೊನೆಗೆ ಹೋಗುವುದು ನ್ಯಾಯಾಲಯಕ್ಕೆ. ಅಲ್ಲಿ ಪೊಲೀಸ್ ಅಧಿಕಾರಿ ಪ್ರಮಾಣ ಮಾಡಿ ‘ಇದು ನಾನು ಕಂಡದ್ದು’ ಎನ್ನಬೇಕು. ಯಂತ್ರ ಸೇರಿಸಿದ ಒಂದು ತಪ್ಪು ವಾಕ್ಯ ಕಣ್ತಪ್ಪಿ ಉಳಿದರೆ ಪಾಟಿ ಸವಾಲಿನಲ್ಲಿ ಇಡೀ ಕೇಸು ಅಲುಗಾಡುತ್ತದೆ. ಖರೀದಿ ಸಮಿತಿಯಲ್ಲಿ ಸರ್ಕಾರಿ ವಕೀಲರನ್ನು ಕೂರಿಸಿಕೊಳ್ಳುವ ಪದ್ಧತಿ ಇದ್ದಿದ್ದರೆ ಈ ಪತ್ರ ಬರೆಯಬೇಕಾಗಿಯೇ ಇರಲಿಲ್ಲ.

ಯಂತ್ರ ಮೊದಲು ಬರೆದದ್ದು ಯಾವುದು, ಅಧಿಕಾರಿ ತಿದ್ದಿದ್ದು ಯಾವುದು ಎಂದು ಆಮೇಲೆ ತಿಳಿಯುವುದು ಹೇಗೆ ಎಂಬುದು ಈಗಿನ ಜಗಳ. ಕರಡು ಉಳಿಯದಂತೆ ವ್ಯವಸ್ಥೆ ಕಟ್ಟಿದ್ದರೆ ಆ ಪ್ರಶ್ನೆಗೆ ಉತ್ತರವೇ ಇಲ್ಲ. 2025ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾ ಇದಕ್ಕೊಂದು ಕಾನೂನು ಮಾಡಿತು. ಎಐ ಬಳಸಿದ ವರದಿಯ ಮೇಲೆ ಹಾಗೆಂದು ಬರೆಯಬೇಕು, ಮೊದಲ ಕರಡನ್ನು ಇಟ್ಟುಕೊಳ್ಳಬೇಕು. ಇನ್ನು ಮುಂದೆ ಆ ರಾಜ್ಯದಲ್ಲಿ ಇಂಥದ್ದನ್ನು ಮಾರಲು ಬರುವ ಯಾವ ಕಂಪನಿಯೇ ಆಗಲಿ, ಕರಡು ಎಲ್ಲಿ ಉಳಿಯುತ್ತದೆ, ಎಷ್ಟು ವರ್ಷ, ಅದನ್ನು ಇಡುವ ಬಾಡಿಗೆ ಎಷ್ಟು ಎಂಬುದಕ್ಕೆ ಉತ್ತರ ಹೊತ್ತುಕೊಂಡೇ ಬರಬೇಕು.